ಮೂರು ಕೈಯವಳ ಜಾಗ

ಅವಳನ್ನು ಎಲ್ಲರೂ ಸ್ಟೆಪ್ನಿ ಅನ್ನುತ್ತಿದ್ದರು. ಆ ಹೆಸರಿಟ್ಟವಳು ಕಾಜಾ. ಗುಂಡಿಗೆ ತೂತು ಹೊಲಿಯುವ ಕಾಜಾ ಮಿಷನ್ನಿನ ಮೇಲೆ ಒಂಬತ್ತು ವರ್ಷ ಕೂತು ಕೂತು ಅವಳಿಗೂ ಅದೇ ಹೆಸರು ಅಂಟಿಕೊಂಡಿತ್ತು. ಬಾಯಿಯೂ ಹಾಗೇ, ದಿನಕ್ಕೆ ನಾಲ್ಕು ಜನರಿಗಾದರೂ ತೂತು ಹಾಕದೆ ನಿಲ್ಲುತ್ತಿರಲಿಲ್ಲ. "ನಾಲ್ಕು ಚಕ್ರ ಸರಿಯಿದ್ರೆ ಇವಳು ಡಿಕ್ಕೀಲಿ. ಒಂದು ಪಂಚರ್ ಆಯ್ತೋ, ಇವಳೇ ಮಹಾರಾಣಿ. ಅದೂ ರಿಪೇರಿ ಆಗೋವರೆಗೆ!" ಅಂದು ಕಾಜಾ ನಕ್ಕಾಗ ಲೈನಿಗೆ ಲೈನೇ ನಕ್ಕಿತ್ತು. ಸ್ಟೆಪ್ನಿಯೂ ನಕ್ಕಿದ್ದಳು. ಏಳು ವರ್ಷದ ಹಿಂದಿನ ಮಾತು.

ಶರ್ಟು ಹೊಲಿಯುವ ಲೈನು ಅದು. ಸಾಲಾಗಿ ಮೂವತ್ತೆರಡು ಮಿಷನ್ನು. ಒಬ್ಬಳು ಕಾಲರ್, ಒಬ್ಬಳು ಕಫ್, ಒಬ್ಬಳು ತೋಳು, ಒಬ್ಬಳು ಪಾಕೆಟ್. ಒಬ್ಬಳ ಕೈಯಿಂದ ಇಳಿದ ಬಂಡಲು ಇನ್ನೊಬ್ಬಳ ಮಡಿಲಿಗೆ. ಪ್ರತಿ ಮಿಷನ್ನಿನ ನೆತ್ತಿಗೂ ಪ್ಲಾಸ್ಟಿಕ್ಕಿನ ಒಂದು ಕಾರ್ಡು, ಅದರಲ್ಲಿ ಕೂರುವವಳ ಹೆಸರು. ಪ್ರತಿ ಸ್ಟೂಲಿನ ಮೇಲೂ ಚಿಂದಿ ತುಂಬಿ ಹೊಲಿದುಕೊಂಡ ದಿಂಬು, ಕೂರುವವಳ ಸೊಂಟದ ಅಳತೆಗೆ ತಗ್ಗಿದ್ದು. ಸ್ಟೆಪ್ನಿಗೆ ಕಾರ್ಡಿಲ್ಲ, ದಿಂಬಿಲ್ಲ. ಬೆಳಿಗ್ಗೆ ಸೈರನ್ ಆದಾಗ ಅವಳು ಮೂರನೇ ಕಂಬದ ಪಕ್ಕ ನಿಲ್ಲುತ್ತಾಳೆ. ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡ ಸೂಪರ್‌ವೈಸರ್ ಸಾಲನ್ನು ಒಮ್ಮೆ ಕಣ್ಣಲ್ಲೇ ಗುಡಿಸಿ, ಎಲ್ಲಿ ತಲೆ ಕಾಣುವುದಿಲ್ಲವೋ ಅತ್ತ ಚಿಟಿಕೆ ಹೊಡೆಯುತ್ತಾನೆ. ಹೆಂಗಸರು ಹಿಂದಿನಿಂದ ಅವನನ್ನು ಟಿಕ್‌ಟಿಕ್ ಅನ್ನುತ್ತಿದ್ದರು. ಚಿಟಿಕೆ ಬಿದ್ದ ಕಡೆ ಸ್ಟೆಪ್ನಿ ಹೋಗಿ ಕೂರುತ್ತಾಳೆ. ಇನ್ನೊಬ್ಬಳ ದಿಂಬಿನ ತಗ್ಗಿನಲ್ಲಿ, ಇನ್ನೊಬ್ಬಳ ಕಾರ್ಡಿನ ಕೆಳಗೆ, ಇಡೀ ದಿನ.

ಎಲ್ಲ ಬಲ್ಲವಳಿಗೆ ಯಾವ ಜಾಗವೂ ಇಲ್ಲ! ಒಂದೇ ಬಲ್ಲವಳಿಗೆ ಒಂದು ಸ್ಟೂಲಾದರೂ ಉಂಟು. ಇದು ಯಾವ ಸೀಮೆಯ ನ್ಯಾಯ ಎಂದು ಆ ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಬೇಕಾದವಳಿಗೆ ಅದು ಹೊಗಳಿಕೆಯಂತೆ ಕೇಳಿಸುತ್ತಿತ್ತು. ಮನೆಯಲ್ಲೂ ಅದೇ. ಅಣ್ಣನ ಮನೆಯ ನಡುಮನೆಯಲ್ಲಿ ಅವಳ ಹಾಸಿಗೆ ಬೆಳಗಾದರೆ ಮಡಿಚಿ ಕಪಾಟಿನ ಮೇಲೇರುತ್ತಿತ್ತು. ಅತ್ತಿಗೆಗೆ ಸೊಂಟ ಹಿಡಿದರೆ ಅಡುಗೆ ಇವಳದು, ಅಣ್ಣನಿಗೆ ರಜೆ ಸಿಗದಿದ್ದರೆ ಮಕ್ಕಳ ಶಾಲೆಗೆ ಇವಳೇ ಹೋಗಬೇಕು. "ನೀನೊಬ್ಬಳಿದ್ರೆ ಯಾರಿಲ್ದಿದ್ರೂ ನಡೆಯುತ್ತೆ ನೋಡು" ಎಂದು ಅತ್ತಿಗೆ ಪ್ರೀತಿಯಿಂದಲೇ ಅನ್ನುತ್ತಿದ್ದಳು. ಆ ಮಾತು ಮುಳ್ಳಿನಂತೆ ಒಳಗೆ ಮುರಿದು ಕೂತಿದ್ದು ಸ್ಟೆಪ್ನಿಗೆ ಬಹಳ ದಿನ ಗೊತ್ತೇ ಆಗಿರಲಿಲ್ಲ. ಯಾರಿಲ್ಲದಿದ್ದರೂ ನಡೆಯುತ್ತೆ, ಸರಿ. ನಾನಿಲ್ಲದಿದ್ದರೆ?

ಆ ಮುಳ್ಳನ್ನು ಮೊದಲು ಮುಟ್ಟಿದವಳು ಪಾಕೆಟ್ ಅಕ್ಕ.

ಅಕ್ಕ ಒಮ್ಮೆ ನಾಲ್ಕು ದಿನ ರಜೆ ಹಾಕಿದ್ದಳು. ಆಗ ಅವಳ ಮಿಷನ್ನಿಗೆ ಸ್ಟೆಪ್ನಿ ಕೂತಿದ್ದಳು. ಏಳುವಾಗ ಸ್ಟೂಲಿನ ಎತ್ತರವನ್ನು ಅಕ್ಕನ ಅಳತೆಗೆ ಮರಳಿಸಿ, ಮಿಷನ್ನಿನ ಕೆಳಗೆ ತಿರುಗುವ ಬಾಬಿನ್ನಿಗೆ ದಾರ ತುಂಬುವಷ್ಟು ಸುತ್ತಿಟ್ಟು ಬಂದಿದ್ದಳು. ಎಲ್ಲ ಮಿಷನ್ನಿನಲ್ಲೂ ಅವಳು ಹಾಗೇ ಮಾಡುತ್ತಿದ್ದಳು. ಮರಳಿ ಬಂದವಳು ಕೂತ ಕೂಡಲೇ ಹೊಲಿಗೆ ಶುರುಮಾಡಬಹುದು. ಯಾರೂ ಅದನ್ನು ಗಮನಿಸಿರಲಿಲ್ಲ. ಐದನೇ ದಿನ ಅಕ್ಕ ಬಾಬಿನ್ ಡಬ್ಬಿ ತೆಗೆದು ನೋಡಿ, ಕಂಬದ ಕಡೆ ತಿರುಗಿ ಲೈನು ದಾಟಿ ಕೂಗಿದಳು:

"ಏಯ್, ಇದನ್ನ ತುಂಬಿಟ್ಟಿದ್ದು ನೀನೇನಾ?"

"ಹೂಂ ಅಕ್ಕಾ. ತಪ್ಪಾಯ್ತಾ?"

"ತಪ್ಪಂತೆ! ಸಂಜೆ ವ್ಯಾನಲ್ಲಿ ನನ್ ಪಕ್ಕ ಕೂತ್ಕೋ."

ಕಾರ್ಖಾನೆಯಿಂದ ಮನೆಗೆ ಒಂದು ಗಂಟೆಯ ದಾರಿ. ವ್ಯಾನಿನ ಹಿಂದಿನ ಸಾಲಿನಲ್ಲಿ ಮೂವರು ಫೋನಿನಲ್ಲಿ ತಲೆಯಿಟ್ಟು ಕೂರುತ್ತಿದ್ದರು: ಕಿಟಕಿ ಪಕ್ಕ ಅಕ್ಕ, ನಡುವೆ ಕಾಜಾ, ಆ ತುದಿಗೆ ಹೊಲಿದ ಶರ್ಟುಗಳಿಗೆ ಇಸ್ತ್ರಿ ಹಾಕುವ ಇಸ್ತ್ರಿ ಮಾವ. ಅವರ ಆಟ ಏನೆಂದು ಸ್ಟೆಪ್ನಿಗೆ ಅಂದು ತಿಳಿಯಿತು. ಮೂವರು ಒಂದು ಗುಂಪಾಗಿ ಪಾಳುಕೋಟೆಗಳಿಗೆ ನುಗ್ಗುವ ಆಟ. ಒಬ್ಬರು ಗುರಾಣಿ ಹಿಡಿದು ಏಟೆಲ್ಲ ತಿನ್ನಬೇಕು, ಒಬ್ಬರು ಗಾಯ ಮಾಯಿಸಬೇಕು, ಒಬ್ಬರು ಹೊಡೆಯಬೇಕು. ಅಕ್ಕನದು ಗುರಾಣಿ; ಅವಳ ಪಾತ್ರದ ಹೆಸರು "ಬಾಗಿಲು". ಹದಿನೆಂಟು ವರ್ಷ ಹಬೆಯಲ್ಲಿ ಬೆಂದ ಇಸ್ತ್ರಿ ಮಾವ ಗಾಯ ಮಾಯಿಸುವವನಾಗಿ ತನಗೆ "ತಣ್ಣೀರು" ಎಂದು ಹೆಸರಿಟ್ಟುಕೊಂಡಿದ್ದ. ಹೊಡೆಯುವ ಕಾಜಾ "ಸೂಜಿ". ಗುಂಪಿಗೆ ಮೂರೇ ಜನ. ನಾಲ್ಕನೆಯವರಿಗೆ ಒಳಗೆ ಜಾಗವಿಲ್ಲ, ಹೊರಗಿನ ಬಿಡಾರದಲ್ಲಿ ಬೆಂಕಿಯ ಸುತ್ತ ಕೂರಬಹುದು ಅಷ್ಟೆ.

"ಪರವಾಗಿಲ್ಲ, ನಾನು ಕೂತಿರ್ತೀನಿ. ಯಾರಾದ್ರೂ ಬರ್ದಿದ್ರೆ ಬರ್ತೀನಿ" ಅಂದಳು ಸ್ಟೆಪ್ನಿ.

"ಅಯ್ಯೋ, ಇಲ್ಲೂ ಡಿಕ್ಕಿಗೇ ಬಂದ್ಯಾ?" ಅಂದಳು ಕಾಜಾ.

ಆಟದಲ್ಲಿ ಒಂದೊಂದು ಮೆಟ್ಟಿಲು ಏರಿದಾಗಲೂ ಐದು ಪಾಯಿಂಟ್ ಸಿಗುತ್ತವೆ. ಅದನ್ನು ತೋಳಿಗೆ ಹಾಕಿದರೆ ಏಟಿಗೆ ಬಲ, ಮೈಗೆ ಹಾಕಿದರೆ ತಡೆಯುವ ಶಕ್ತಿ, ಮನಸ್ಸಿಗೆ ಹಾಕಿದರೆ ಮದ್ದಿನ ಗುಣ. ತಿಳಿದವರೆಲ್ಲ ಒಂದಕ್ಕೇ ಸುರಿಯುತ್ತಾರೆ. ಸ್ಟೆಪ್ನಿ ಮೂರಕ್ಕೂ ಹಂಚಿದಳು. ಅವಳ ಪಾತ್ರದ ಹೆಸರು "ಮೂರ್ಕೈ". ಮೊದಮೊದಲು ಅದು ಯಾವುದಕ್ಕೂ ಸಾಲದೆ ಒದ್ದಾಡಿತು. ಏಟು ಹಾಕಿದರೆ ಸೊಳ್ಳೆಯೂ ಸಾಯದು, ಗುರಾಣಿ ಹಿಡಿದರೆ ಗಾಳಿಗೇ ಬೀಳುವುದು. ಆದರೆ ಅವಳು ಹೊಲಿಗೆಯವಳು, ಕತ್ತರಿಸಿ ಉಳಿದ ಚಿಂದಿಯಲ್ಲೂ ಒಂದು ಚೀಲ ಕಾಣುವವಳು. ಎರಡು ಕೆಲಸಕ್ಕೆ ಒದಗುವ ವಿದ್ಯೆಗಳನ್ನಷ್ಟೇ ಆರಿಸಿದಳು. ತಾನು ಏಟು ತಿಂದಾಗಲೆಲ್ಲ ಪಕ್ಕದವರ ಗಾಯ ಮಾಯುವ ವಿದ್ಯೆಯೊಂದಿತ್ತು, ಯಾರೂ ಕಲಿಯದ್ದು, ಅದನ್ನು ಕಲಿತಳು. ಕತ್ತಿಯನ್ನೂ ಬಿಲ್ಲನ್ನೂ ಬಿಟ್ಟು ಒಂದು ಊರುಗೋಲು ಹಿಡಿದಳು. ಅದರಿಂದ ಹೊಡೆಯಲೂಬಹುದು, ತಡೆಯಲೂಬಹುದು, ಮಂತ್ರಿಸಲೂಬಹುದು. ಚೀಲದಲ್ಲಿ ಮೂರು ಜೊತೆ ಉಡುಪು, ಮೂರು ಉಂಗುರ. ಎರಡು ವರ್ಷ ಸಂಜೆಗೊಂದು ಗಂಟೆಯಂತೆ ಅವಳು ಆ ಪಾತ್ರವನ್ನು ಕೈಹೊಲಿಗೆಯಂತೆ ಕಟ್ಟಿದಳು. ಯಾರು ಗೈರಾದರೂ ಬಿಡಾರದ ಬೆಂಕಿಯ ಪಕ್ಕ ಉಡುಪು ಬದಲಿಸಿ ಎದ್ದು ನಿಲ್ಲುವುದು ಮೂರ್ಕೈ. ಎಲ್ಲದರಲ್ಲೂ ಹತ್ತಕ್ಕೆ ಏಳು. ಹತ್ತಕ್ಕೆ ಹತ್ತು ಯಾವುದರಲ್ಲೂ ಇಲ್ಲ.

ಆಟದಲ್ಲಿ ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಹಳೆ. ಗುಂಪಿನವರು ಯಾರಾದರೂ ಬಾರದಿದ್ದರೆ ಅವರ ಹೆಸರಿನ ಮೇಲೆ ಬೆರಳೊತ್ತಬೇಕು; ಅವರ ಫೋನು ಎಲ್ಲಿದ್ದರೂ ಒಂದು ಕಹಳೆ ಕೂಗಿ "ಎಲ್ಲಿದ್ದೀಯ?" ಎಂಬ ಅಕ್ಷರ ಮೂಡುತ್ತದೆ. ಮಾವನಿಗೆ ಜ್ವರ ಬಂದಾಗ ಇವಳೇ ಊದಿದ್ದಳು. ಕಾಜಾ ಜಗಳವಾಡಿ ಮೂರು ದಿನ ಮುನಿಸಿಕೊಂಡಾಗಲೂ ಊದಿದ್ದಳು. ಇವಳಿಗೆ ಯಾರೂ ಊದಿದ್ದಿಲ್ಲ. ಇವಳಿಗೆ ಬರುತ್ತಿದ್ದದ್ದು ಬೇರೆ: "ಬಾ, ಮಾವ ಇಲ್ಲ." "ಬಾ, ಕಾಜಾ ಬಂದಿಲ್ಲ." ಕರೆಯುತ್ತಿದ್ದರು, ನಿಜ. ಆದರೆ ಆ ಕರೆಯೊಳಗೆ ಯಾವಾಗಲೂ ಇನ್ನೊಬ್ಬರ ಹೆಸರಿರುತ್ತಿತ್ತು. ಬರೀ ತನಗಾಗಿ, ತಾನು ಕಾಣಲಿಲ್ಲವೆಂದು, ಎಲ್ಲಿದ್ದೀಯ ಎಂದು ಯಾರಾದರೊಬ್ಬರು ಒಮ್ಮೆ ಕೂಗಿದರೆ ಹೇಗಿರುತ್ತದೆ? ವ್ಯಾನಿನ ಕಿಟಕಿಯಾಚೆ ದೀಪಗಳು ಓಡುವಾಗ ಅವಳು ಅದನ್ನೇ ನೆನೆಯುತ್ತಿದ್ದಳು, ಬೇರೆಯವರು ತಮ್ಮ ಮದುವೆಯನ್ನು ನೆನೆಯುವ ಹಾಗೆ.

ತೋಳು ಹೊಲಿಯುವವಳು ಹೆರಿಗೆಗೆ ಹೋದವಳು ಮರಳಲಿಲ್ಲ. ಅವಳ ಮಿಷನ್ನು ಖಾಲಿಯಾಯಿತು. ಒಂದು ಮಧ್ಯಾಹ್ನ ಊಟದ ಸೈರನ್ನಿಗೆ ಮೊದಲೇ ಪಾಕೆಟ್ ಅಕ್ಕ ಎದ್ದು ನಿಂತಳು.

"ಸಾರ್, ತೋಳಿನ ಮಿಷನ್ ಇವಳಿಗೆ ಕೊಡಿ. ಕಾರ್ಡ್ ಹಾಕಿ."

ಟಿಕ್‌ಟಿಕ್ ನಕ್ಕ. "ಇವಳು ಒಂದು ಕಡೆ ಕೂತ್ರೆ ಉಳಿದ ಮೂವತ್ತೊಂದು ಕಡೆ ಯಾರಮ್ಮ ಕೂರ್ತಾರೆ? ನೀನಾ?"

"ಅದಕ್ಕೇನಾ ಏಳು ವರ್ಷದಿಂದ ಕಂಬಕ್ಕೆ ಕಟ್ಟಿಹಾಕಿದ್ದು?"

"ಅವಳೇ ಕೇಳಿಲ್ಲ. ನಿಂಗ್ಯಾಕೆ ಉರಿ?"

"ಅವಳು ಕೇಳಲ್ಲ ಅನ್ನೋದೇ ನಿಮ್ಮ ಬಂಡವಾಳ ಅಲ್ವಾ ಸಾರ್?"

ಟಿಕ್‌ಟಿಕ್ ಸ್ಟೆಪ್ನಿಯ ಕಡೆ ತಿರುಗಿದ. ಎಷ್ಟು ನಯವಾಗಿ ಕೇಳಿದ! "ಏನಮ್ಮಾ, ನಿಂಗೇನಾದ್ರೂ ತೊಂದರೆ ಇದೆಯಾ?"

ಮೂವತ್ತೊಂದು ಮುಖ ಅವಳ ಕಡೆ. ಅವಳ ಬಾಯಿ ತಾನಾಗಿ ತೆರೆಯಿತು. "ಇಲ್ಲ ಸಾರ್."

ಅಕ್ಕ ತನ್ನ ಮಿಷನ್ನಿನ ಗುಂಡಿ ಆರಿಸಿ, ಕೈಕಟ್ಟಿ ನಿಂತಳು. "ಬರೆದುಕೊಳ್ಳಿ, ಇವಳು ಮಿಷನ್ ಕೇಳಿದ್ದಾಳೆ ಅಂತ. ಆಮೇಲೆ ಕೂರ್ತೀನಿ." ಹತ್ತು ನಿಮಿಷ ನಿಂತಳು. ಹತ್ತು ನಿಮಿಷ ಲೈನೂ ನಿಂತಿತು. ಎರಡು ದಿನಕ್ಕೆ ಗೇಟಿನಲ್ಲೇ ಅವಳ ಕೈಗೆ ಕಾಗದ ಕೊಟ್ಟರು: ಉತ್ಪಾದನೆಗೆ ಅಡ್ಡಿ, ಕೆಲಸದಿಂದ ವಜಾ. ಹನ್ನೆರಡು ವರ್ಷ ಗೆರೆಗೆ ಗೆರೆ ಕೂಡಿಸಿ ಅಪರಿಚಿತರ ಎದೆಯ ಮೇಲೆ ಪಾಕೆಟ್ ಹೊಲಿದವಳಿಗೆ ಹತ್ತು ನಿಮಿಷ ಕ್ಷಮಿಸಲಾರದ ಕಾರ್ಖಾನೆ ಅದು.

ಆ ಸಂಜೆ ವ್ಯಾನಿನಲ್ಲಿ ಯಾರೂ ಫೋನು ತೆಗೆಯಲಿಲ್ಲ. ಇಸ್ತ್ರಿ ಮಾವ ಸದಾ ಕಡಿಮೆ ಮಾತಿನವನು. ಅಂದು ಅವನೇ ಮಾತೆತ್ತಿದ.

"ಅವಳ ಮಿಷನ್ನಿಗೆ ಯಾರೂ ಕೂರಬಾರದು. ಅಷ್ಟೇ ಸಾಕು. ಪಟ್ಟೆ ಬಟ್ಟೆ ಬಂದಿದೆ, ಗೆರೆ ಕೂಡಿಸೋಕೆ ಬೇರೆ ಯಾರಿಗೂ ಬರಲ್ಲ. ಪಾಕೆಟ್ ಇಲ್ದೆ ಮುಂಭಾಗ ಮುಂದಕ್ಕೆ ಹೋಗಲ್ಲ. ಮುಂಭಾಗ ಇಲ್ದೆ ಭುಜ ಕೂಡಲ್ಲ. ಮಧ್ಯಾಹ್ನದೊಳಗೆ ನನ್ನ ಇಸ್ತ್ರಿ ತಣ್ಣಗಾಗುತ್ತೆ. ಎರಡು ದಿನ ಹಂಗೆ ಬಿಟ್ರೆ ಅವರೇ ಹೋಗಿ ಕರ್ಕೊಂಡು ಬರ್ತಾರೆ."

"ಬೇರೆ ಯಾರಿಗೂ ಬರಲ್ವಾ?" ಅಂದಳು ಕಾಜಾ, ಸ್ಟೆಪ್ನಿಯನ್ನೇ ನೋಡುತ್ತ.

"ನನ್ನನ್ಯಾಕೆ ನೋಡ್ತೀಯೇ? ನಾನು ಕೂರ್ತೀನಾ?" ಸ್ಟೆಪ್ನಿಗೆ ಅಳುವೇ ಬಂತು. "ನನಗೋಸ್ಕರ ತಾನೇ ಅಕ್ಕ ಬಾಯಿಬಿಟ್ಟಿದ್ದು!"

ಮರುದಿನ ಬೆಳಿಗ್ಗೆ ಸೈರನ್ ಆಯಿತು. ತೋಳಿನ ಮಿಷನ್ನಿಗೆ ಪಕ್ಕದ ಲೈನಿನವಳೊಬ್ಬಳನ್ನು ಸದ್ಯಕ್ಕೆ ಎರವಲು ತಂದು ಕೂರಿಸಿದ್ದರು. ಅವಳು ಕಂಬದ ಪಕ್ಕ ನಿಂತಿದ್ದಳು. ಟಿಕ್‌ಟಿಕ್ ಅಂದು ಚಿಟಿಕೆಯನ್ನೇ ಹೊಡೆಯಲಿಲ್ಲ; ಬೆನ್ನು ತಿರುಗಿಸಿ ಏನೋ ಬರೆಯುತ್ತಿದ್ದ. ಲೈನಿನ ನಡುವೆ ಒಂದು ತಲೆ ಇರಬೇಕಾದ ಕಡೆ ಬೆಳಕು ಕಾಣುತ್ತಿತ್ತು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವಂತೆ ಅವಳ ಕಾಲು ಅತ್ತ ಹೋಯಿತು. ಬಾಯಿ ಕೊಟ್ಟ ಮಾತು ಕಾಲಿಗೆ ಗೊತ್ತಿರಲಿಲ್ಲ. ಸ್ಟೂಲು ಇಳಿಸಿದಳು, ದಾರ ಪೋಣಿಸಿದಳು, ನೀಲಿ ಗೆರೆಗೆ ನೀಲಿ ಗೆರೆ ಹಿಡಿದು ಪೆಡಲ್ ಒತ್ತಿದಳು. ಮೂರು ಪಾಕೆಟ್ ಆಯಿತು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಏನೋ ಬೇರೆಯೆನಿಸಿತು. ತನ್ನ ಮಿಷನ್ನಿನ ಸದ್ದು ತನಗೆ ಇಷ್ಟು ಸ್ಪಷ್ಟವಾಗಿ ಎಂದೂ ಕೇಳಿಸಿರಲಿಲ್ಲ. ತಲೆಯೆತ್ತಿದಳು. ಇಡೀ ಲೈನು ಹೊಲಿಗೆ ನಿಲ್ಲಿಸಿ ಅವಳನ್ನೇ ನೋಡುತ್ತಿತ್ತು.

"ಕೂತ್ಬಿಟ್ಯಲ್ಲೇ" ಅಂದಳು ಕಾಜಾ. ಬೈಗುಳವಲ್ಲ, ಕುಹಕವಲ್ಲ. ಅದಕ್ಕೇ ಅದು ಹೆಚ್ಚು ನೋಯಿತು.

ಆಗಲೇ ಏಳಬಹುದಿತ್ತು. ಅಯ್ಯೋ, ಅಭ್ಯಾಸಬಲ ಎಂದು ಕೆನ್ನೆ ಬಡಿದುಕೊಂಡು ಕಂಬಕ್ಕೆ ಮರಳಬಹುದಿತ್ತು. ಏಳಬೇಕೆಂದೇ ಅವಳು ಮಂಡಿಗೆ ಕೈಯೂರಿದಳು. ಅಷ್ಟರಲ್ಲಿ ಟಿಕ್‌ಟಿಕ್ ಬಂದು ಜೇಬಿನಿಂದ ಒಂದು ಕಾರ್ಡು ತೆಗೆದು ಮಿಷನ್ನಿನ ನೆತ್ತಿಗೆ ಸಿಕ್ಕಿಸಿದ. ಅದರಲ್ಲಿ ಅವಳ ಹೆಸರಿತ್ತು. ಸ್ಟೆಪ್ನಿ ಅಂತಲ್ಲ, ಅಪ್ಪ ಇಟ್ಟ, ಮನೆಯಲ್ಲೂ ಈಗ ಯಾರೂ ಕರೆಯದ ಪೂರ್ತಿ ಹೆಸರು, ಅಚ್ಚಿನ ಅಕ್ಷರದಲ್ಲಿ.

"ಕೇಳಿದ್ರಲ್ಲ, ಕೊಟ್ಟಿದ್ದೀವಿ. ಇನ್ಮೇಲೆ ಇದು ನಿನ್ನ ಜಾಗ" ಅಂದ ಅವನು, ಎಲ್ಲರಿಗೂ ಕೇಳುವಂತೆ.

ಅಚ್ಚಾದ ಕಾರ್ಡು! ಏಳು ವರ್ಷ ಸಿಗದ ಕಾರ್ಡು ಒಂದೇ ರಾತ್ರಿಯಲ್ಲಿ ಎಲ್ಲಿಂದ ಬಂತು? ಯಾರು ಎಲ್ಲಿ ಕೂರುತ್ತಾರೆ, ಯಾರ ಕಾಲು ಎತ್ತ ಹೋಗುತ್ತದೆ, ಯಾರ ಹಸಿವು ಎಂಥದು ಎಂದು ಕಾರ್ಖಾನೆಯವರಿಗೆ ಮೊದಲೇ ಗೊತ್ತಿರುತ್ತದೆ. ಹಸಿದವಳ ಮುಂದೆ ಅವಳ ಗೆಳತಿಯ ತಟ್ಟೆಯನ್ನೇ ತಂದಿಡುವುದು ಅವರ ಹಳೆಯ ವಿದ್ಯೆ. ಸ್ಟೆಪ್ನಿಗೆ ಇದೆಲ್ಲ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು. ಆದರೆ ಕಣ್ಣು ಆ ಅಕ್ಷರಗಳನ್ನು ಬಿಟ್ಟು ಬರಲಿಲ್ಲ. ಮಂಡಿಗೆ ಊರಿದ ಕೈ ಸಡಿಲವಾಯಿತು. ಒಂದೊಂದೇ ಮಿಷನ್ನು ಮತ್ತೆ ಶುರುವಾಯಿತು. ಪಾಕೆಟ್ ಬಂದಮೇಲೆ ಭುಜ ಕೂಡಿಸದೆ ಇರಲು ಯಾರಿಗೆ ನೆಪವಿದೆ?

ಸಂಜೆ ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಿತ್ತು.

"ಅದರಲ್ಲೂ ಕೂತ್ಕೋ ತಾಯಿ, ಯಾಕೆ ಬಿಟ್ಟಿದ್ದೀಯ?" ಅಂದಳು ಕಾಜಾ. ಆಮೇಲೆ ಇಡೀ ದಾರಿ ಅವಳು ಮಾತಾಡಲಿಲ್ಲ. ಕಾಜಾಳ ಬಾಯಿ ಮುಚ್ಚಿದರೆ ಇಷ್ಟು ಭಾರವಾಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಸ್ಟೆಪ್ನಿ ಆಟ ತೆರೆದಳು. ಬಿಡಾರದಲ್ಲಿ ಬೆಂಕಿ ಉರಿಯುತ್ತಿತ್ತು. ಆಡದೆ ಬಿಟ್ಟವರ ಪಾತ್ರ ಅಲ್ಲಿ ತಲೆ ತಗ್ಗಿಸಿ ಕೂತಿರುತ್ತದೆ; ಬಾಗಿಲು ಹಾಗೆ ಕೂತಿತ್ತು, ಮಂಡಿಯ ಮೇಲೆ ಸೀಳುಬಿಟ್ಟ ಗುರಾಣಿ. ಎದುರಿಗೆ ತಣ್ಣೀರು ಮತ್ತು ಸೂಜಿ. ಗುರಾಣಿಯ ಜಾಗ ಖಾಲಿ. ಮೂರ್ಕೈ ಉಡುಪು ಬದಲಿಸಿಕೊಂಡು, ಊರುಗೋಲು ಅಡ್ಡ ಹಿಡಿದು, ಎದ್ದು ನಿಂತಿತು. ಯಾರೂ "ಬಾ" ಅನ್ನಲಿಲ್ಲ. ಇಬ್ಬರೂ ಕೋಟೆಗೆ ಹೋಗದೆ ಬೆಂಕಿ ನೋಡುತ್ತ ಕೂತಿದ್ದರು. ಸೇತುವೆ ಕೆಳಗೆ ಸಿಗ್ನಲ್ ಹೋಗಿ ಚಿತ್ರ ಅಲ್ಲೇ ನಿಂತಿತು, ಮೂರ್ಕೈ ಒಂಟಿಯಾಗಿ ಎದ್ದು ನಿಂತ ಹಾಗೆಯೇ.

ಐದು ದಿನ ಹೀಗೇ ಹೋಯಿತು. ಹಗಲು ಅವಳು ತನ್ನ ಹೆಸರಿನ ಕೆಳಗೆ ಕೂತು ಪಾಕೆಟ್ ಹೊಲಿದಳು. ದಿಂಬು ಮಾತ್ರ ಅಕ್ಕನದು. ಅದರ ತಗ್ಗು ಇವಳ ಅಳತೆಗೆ ಬರಲೇ ಇಲ್ಲ. ಸಂಜೆ ಬಿಡಾರದಲ್ಲಿ ಅವಳು ಬಾಗಿಲನ್ನು ನೋಡುತ್ತಿದ್ದಳು. ಮದ್ದಿನವಳಾಗಿ ಆಡಿದ ದಿನಗಳಲ್ಲಿ ಅವಳಿಗೆ ಕಾಣುತ್ತಿದ್ದದ್ದು ಆ ಬೆನ್ನೊಂದೇ. ಎದುರಿನ ಭೂತವನ್ನೂ ಬೆಂಕಿಯನ್ನೂ ಮರೆಮಾಡಿ ನಿಂತ ಅಗಲ ಬೆನ್ನು, ಮತ್ತು ಫೋನಿನಾಚೆ ಪಕ್ಕದ ಸೀಟಿನಿಂದ ಅಕ್ಕನ ಮಾತು: "ಹೆದರ್ಬೇಡ, ನಾನಿದ್ದೀನಲ್ಲ." ಕಾರ್ಡು ಸಿಕ್ಕಿದ ಮೇಲೆ ಗೊತ್ತಾಯಿತು, ತಾನು ಬಯಸಿದ್ದು ಕಾರ್ಡನ್ನಲ್ಲ. ದಿನಕ್ಕೊಮ್ಮೆ ಬಾಗಿಲಿನ ಹೆಸರಿನ ಮೇಲೆ ಬೆರಳೊತ್ತಿ ಕಹಳೆ ಊದಿದಳು. ಎಲ್ಲಿದ್ದೀಯ? ಎಲ್ಲಿದ್ದೀಯ? ಬಾಗಿಲು ತಲೆ ಎತ್ತಲಿಲ್ಲ.

ಭಾನುವಾರ ಅಕ್ಕನ ಮನೆಗೆ ಹೋದಳು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಅಕ್ಕ ಸ್ಟೂಲಿನ ಮೇಲೆ ನಿಂತು ಕಿಟಕಿಯ ಜಾಲರಿ ತಿಕ್ಕುತ್ತಿದ್ದಳು. ಮಂಚದ ಮೇಲೆ ಕೂತಿದ್ದ ಅಕ್ಕನ ಅತ್ತೆ ಕನ್ನಡಕ ಏರಿಸಿ ಇವಳನ್ನು ಮೇಲಿಂದ ಕೆಳಗೆ ಅಳೆದಳು.

"ಇವಳೇನಾ ನಿನ್ನ ಮಿಷನ್ ನುಂಗಿದೋಳು? ಇಷ್ಟು ಸಣ್ಣಗಿದ್ದಾಳಲ್ಲೇ!"

ಅಕ್ಕ ತಿರುಗಲಿಲ್ಲ. "ಬಾ, ಕೂತ್ಕೋ. ಖಾಲಿ ಕುರ್ಚಿ ಕಂಡ್ರೆ ಕೂರೋದು ನಿಂಗೆ ಹೇಳಿಕೊಡ್ಬೇಕಾ?"

ಸ್ಟೆಪ್ನಿ ನಿಂತೇ ಇದ್ದಳು. "ಅಕ್ಕಾ, ಕಾಲು ತಾನಾಗೇ ಹೋಗ್ಬಿಡ್ತು. ಆಣೆ ಮಾಡಿ ಹೇಳ್ತೀನಿ."

"ಗೊತ್ತು."

"ಗೊತ್ತಾ?"

"ಏಳು ವರ್ಷ ನೋಡಿದ್ದೀನಲ್ಲೇ ನಿನ್ನ ಕಾಲನ್ನ. ಕಾಲು ಹೋಗಿದ್ದಕ್ಕೆ ನಂಗೆ ಕೋಪ ಇಲ್ಲ. ಕಾಲು ಹೋಯ್ತು, ಸರಿ. ಎದ್ದು ಬರೋಕೆ ಏನಾಗಿತ್ತು ದಾಡಿ?"

"ಕಾರ್ಡಲ್ಲಿ ನನ್ನ ಹೆಸರಿತ್ತು."

ಅಕ್ಕನ ಕೈ ಒಂದು ಗಳಿಗೆ ನಿಂತಿತು. ಮತ್ತೆ ತಿಕ್ಕತೊಡಗಿದಳು, ಇನ್ನೂ ಜೋರಾಗಿ.

"ಐದು ದಿನ ಕಹಳೆ ಊದಿದೆ ಅಕ್ಕಾ. ನೋಡ್ಲಿಲ್ವಾ?"

"ನೋಡ್ದೆ." ಈಗ ತಿರುಗಿದಳು. ಕಣ್ಣು ಕೆಂಪಾಗಿತ್ತು, ಸೋಪಿನಿಂದಲೋ ಏನೋ. "ನನ್ನ ಜಾಗದಲ್ಲಿ ಕೂತ್ಕೊಂಡು ನನ್ನನ್ನೇ ಎಲ್ಲಿದ್ದೀಯ ಅಂತ ಕೇಳ್ತೀಯಲ್ಲೇ! ಏನಂತ ಉತ್ತರ ಬರೀಲಿ?"

ಸ್ಟೆಪ್ನಿ ನೆಲ ನೋಡಿದಳು.

ಅಕ್ಕ ಸ್ಟೂಲಿನಿಂದ ಇಳಿದು ಕೈ ಒರೆಸಿಕೊಂಡಳು. "ನಿನ್ನ ಮೂರ್ಕೈ ಕಟ್ಟುವಾಗ ಎಲ್ಲರೂ ಬೇಡ ಅಂದ್ರು. ಕಾಜಾ ನಕ್ಕಳು. ನಾನು ಬೇಡ ಅಂದ್ನಾ?"

"ಇಲ್ಲ."

"ಎಲ್ಲ ಕಲಿಯೋದು ತಪ್ಪಲ್ಲ ಕಣೇ. ಬಡವರ ಮನೆ ಹೆಣ್ಣು ಎಷ್ಟು ಕಲಿತರೂ ಕಮ್ಮಿ. ಆದ್ರೆ ಎಲ್ಲ ಬರೋಳು ಒಂದಿನ 'ಮಾಡಲ್ಲ' ಅಂದ್ರೆ ಎಲ್ಲಾನೂ ನಿಲ್ಲುತ್ತೆ. ನಾನು ನಿಂತ್ರೆ ಒಂದು ಪಾಕೆಟ್ ನಿಲ್ಲುತ್ತೆ ಅಷ್ಟೆ. ತೋಳಿಗೆ ಹಾಕ್ದೆ, ಮೈಗೆ ಹಾಕ್ದೆ, ಮನಸ್ಸಿಗೆ ಹಾಕ್ದೆ. ಆ ಒಂದು ಮಾತಿಗೆ ಒಂದೇ ಒಂದು ಪಾಯಿಂಟ್ ಹಾಕ್ಲಿಲ್ಲ ನೀನು." ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತ ಅಂದಳು: "ಹೋಗು. ಬಾಗಿಲು ಎಳ್ಕೊಂಡು ಹೋಗು."

ಬಾ ಎಂದು ಅನ್ನಲಿಲ್ಲ. ಮತ್ತೆ ಬರಬೇಡ ಎಂದೂ ಅನ್ನಲಿಲ್ಲ.

ಸೋಮವಾರ ಗೈರುಹಾಜರಿ ಹೆಚ್ಚು. ಪ್ರತಿ ವಾರದ ಕಥೆ. ಕಫ್ಫಿನವಳಿಲ್ಲ, ಕಾಲರಿನವಳಿಲ್ಲ, ಅಂಚು ಹೊಲಿಯುವ ಓವರ್‌ಲಾಕ್‌ನಲ್ಲಿ ಒಬ್ಬಳು ಕಡಿಮೆ. ಸ್ಟೆಪ್ನಿ ಸೈರನ್ನಿಗೆ ಮೊದಲೇ ಬಂದು ಪಾಕೆಟ್ ಮಿಷನ್ನಿಗೆ ಕೂತಿದ್ದಳು. ಬಟ್ಟೆ ಮುಟ್ಟಲಿಲ್ಲ. ಬಾಬಿನ್ ತೆಗೆದು ನೀಲಿ ದಾರ ಸುತ್ತಿದಳು, ಅಂಚಿನವರೆಗೆ, ಇನ್ನೊಂದು ಸುತ್ತೂ ಹಿಡಿಯದಷ್ಟು. ಅದನ್ನು ಡಬ್ಬಿಯೊಳಗೆ ಕೂರಿಸಿದಳು. ಸ್ಟೂಲನ್ನು ಅಕ್ಕನ ಎತ್ತರಕ್ಕೆ ಏರಿಸಿದಳು. ದಿಂಬು ತಟ್ಟಿದಳು. ಆಮೇಲೆ ನೆತ್ತಿಯ ಕಾರ್ಡು ಕಿತ್ತು, ಒಮ್ಮೆ ಓದಿಕೊಂಡು, ರವಿಕೆಯೊಳಗೆ ಇಟ್ಟುಕೊಂಡಳು. ಹೆಸರು ತನ್ನದು ತಾನೇ, ಅದನ್ನೇಕೆ ಬಿಟ್ಟುಬರಬೇಕು?

ಸೈರನ್ ಆದಾಗ ಅವಳು ಕಂಬದ ಪಕ್ಕ ನಿಂತಿದ್ದಳು. ಕಾಲಿನ ಬೆರಳುಗಳು ಚಪ್ಪಲಿಯೊಳಗೆ ನೆಲ ಕಚ್ಚಿಕೊಂಡಿದ್ದವು. ಖಾಲಿ ಜಾಗಗಳು ನಾಲ್ಕು ಕಡೆಯಿಂದ ಎಳೆಯುತ್ತಿದ್ದವು. ಒಂದು ಖಾಲಿ ಸ್ಟೂಲನ್ನು ಖಾಲಿಯಾಗಿ ಬಿಡುವುದು ಇಷ್ಟು ಕಷ್ಟದ ಕಸುಬೆಂದು ಅವಳಿಗೆ ಗೊತ್ತಿರಲಿಲ್ಲ.

"ಏನಮ್ಮಾ, ಅಲ್ಲೇನು? ಹೋಗಿ ಕೂತ್ಕೋ" ಅಂದ ಟಿಕ್‌ಟಿಕ್.

"ನಂಗೆ ಪಾಕೆಟ್ ಬರಲ್ಲ ಸಾರ್."

"ಬರಲ್ವಾ? ಶನಿವಾರದವರೆಗೆ ಹೊಲಿದಿದ್ಯಾರು, ನಿಮ್ಮಜ್ಜಿಯಾ?"

"ಮರೆತೋಯ್ತು."

"ತಮಾಷೆನಾ? ಸರಿ, ಕಫ್ಫಿಗೆ ಹೋಗು."

"ಅದೂ ಮರೆತೋಯ್ತು ಸಾರ್."

"ಕಾಲರ್?"

"ಮರೆತೋಯ್ತು."

"ಓವರ್‌ಲಾಕ್?" ಅವನ ದನಿ ಏರುತ್ತಿತ್ತು.

"ಎಲ್ಲ ಕೆಲಸ ಗೊತ್ತಿರೋರಿಗೆ ಎಲ್ಲಾನೂ ಒಟ್ಟಿಗೇ ಮರೆತೋಗುತ್ತಂತೆ ಸಾರ್" ಅಂದಳು ಕಾಜಾ ತನ್ನ ಮಿಷನ್ನಿನಿಂದ. "ನಮ್ಮ ಅತ್ತೆಗೂ ಹಂಗೇ ಆಗಿತ್ತು."

ಯಾರೋ ಕಿಸಕ್ಕೆಂದರು. ಐದು ದಿನಗಳಲ್ಲಿ ಮೊದಲ ಬಾರಿಗೆ ಕಾಜಾ ಇವಳ ಕಡೆ ನೋಡಿದಳು. ನಗಲಿಲ್ಲ, ನೋಡಿದಳು ಅಷ್ಟೆ.

"ಪಾಕೆಟ್ ಅಕ್ಕ ಬಂದ್ರೆ ನೆನಪಾಗುತ್ತೆ ಅನ್ಸುತ್ತೆ ಸಾರ್" ಅಂದಳು ಸ್ಟೆಪ್ನಿ. "ಆಮೇಲೆ ತೋಳಿನ ಮಿಷನ್ ನಂಗೆ ಬೇಕು. ನಂಗೆ ತೊಂದರೆ ಇದೆ. ಆವತ್ತು ಇಲ್ಲ ಅಂದಿದ್ದೆ. ಇದೆ."

ಅವಳನ್ನು ಹೊರಗೆ ಕಳಿಸಿದರು. ಬೀರುವಿನಲ್ಲಿಟ್ಟಿದ್ದ ಚೀಲ ಮತ್ತು ಫೋನು ಕೈಗೆ ಕೊಟ್ಟು, ನಿರ್ಧಾರವಾಗುವವರೆಗೆ ಒಳಗೆ ಬರಕೂಡದು ಅಂದರು. ಗೇಟಿನ ಕಾವಲುಗಾರ ಅವಳನ್ನು ಕಂಡು ಕುರ್ಚಿ ಹಿಡಿದುಕೊಂಡ.

"ಏನವ್ವಾ, ಇವತ್ತು ನನ್ನ ಜಾಗಕ್ಕೂ ನೀನೇನಾ?"

"ಇಲ್ಲ ಮಾವ. ನೀವು ಆರಾಮಾಗಿ ಕೂತ್ಕೊಳ್ಳಿ. ನಾನಿವತ್ತು ಎಲ್ಲೂ ಕೂರಲ್ಲ."

ಎದುರಿನ ಗೋಡೆಗೆ ಒರಗಿ ನಿಂತಳು. ಬಿಸಿಲು ಏರುತ್ತಿತ್ತು. ಏಳು ವರ್ಷದಲ್ಲಿ ಈ ಹೊತ್ತಿಗೆ ಈ ರಸ್ತೆ ಹೇಗಿರುತ್ತದೆಂದು ಅವಳು ಕಂಡೇ ಇರಲಿಲ್ಲ. ಒಬ್ಬ ಸೈಕಲ್ಲಿನ ಮೇಲೆ ಗಾಜು ಹೊತ್ತು ಹೋದ. ನಾಯಿಯೊಂದು ಬಂದು ಅವಳ ನೆರಳಿನಲ್ಲಿ ಮಲಗಿತು. ಗೋಡೆಯಾಚೆಯಿಂದ ಲೈನಿನ ಸದ್ದು ಬರುತ್ತಿತ್ತು. ಬೇರೆಯವರಿಗೆ ಅದು ಒಂದು ಗದ್ದಲ. ಅವಳಿಗೆ ಅದರೊಳಗಿನ ಒಂದೊಂದು ಎಳೆಯೂ ಬೇರೆ ಬೇರೆ. ಎಲ್ಲ ಮಿಷನ್ನಿಗೂ ಕೂತವಳು ಅವಳೊಬ್ಬಳೇ ತಾನೇ. ಕಫ್ಫಿನ ಸದ್ದು ಇರಲೇ ಇಲ್ಲ. ಹತ್ತೂವರೆಗೆ ಭುಜ ಕೂಡಿಸುವ ಎರಡೂ ಮಿಷನ್ನು ತಡವರಿಸಿ ನಿಂತವು, ಪಾಕೆಟ್ ಹಾಕಿದ ಮುಂಭಾಗಗಳು ಮುಗಿದಿರಬೇಕು. ಹನ್ನೊಂದಕ್ಕೆ ಓವರ್‌ಲಾಕಿನ ಕರಕರ ತೆಳ್ಳಗಾಯಿತು. ಕಾಜಾಳ ಠಕ್ ಠಕ್ ಠಕ್ ಒಂದೇ ಬಹಳ ಹೊತ್ತು ಉಳಿದಿತ್ತು. ಶನಿವಾರದ ಬಾಕಿ ಹೊಲಿಯುತ್ತಿದ್ದಳೋ, ಸುಮ್ಮನೆ ಇವಳಿಗೆ ಕೇಳಲೆಂದು ಬಡಿಯುತ್ತಿದ್ದಳೋ. ಅದೂ ನಿಂತಿತು. ಕೊನೆಗೆ ಇಸ್ತ್ರಿ ಮಾವನ ಹಬೆ ಉದ್ದಕ್ಕೆ ಒಂದು ಉಸಿರು ಬಿಟ್ಟು ಅಡಗಿತು.

ಹೀಗೆ ನಿಲ್ಲುತ್ತದೆಯೇ? ಒಬ್ಬಳು ಕೂರದಿದ್ದರೆ, ಒಬ್ಬಳೇ ಒಬ್ಬಳು ಖಾಲಿಯನ್ನು ಖಾಲಿ ಬಿಟ್ಟರೆ, ಇಷ್ಟು ದೊಡ್ಡದೊಂದು ಹೀಗೆ ನಿಲ್ಲುತ್ತದೆಯೇ? ಕಾವಲುಗಾರ ಕುರ್ಚಿಯಿಂದೆದ್ದು ಒಳಗೆ ಇಣುಕಿದ. "ಕರೆಂಟ್ ಹೋಯ್ತೇನೋ" ಅಂದ.

ಅಕ್ಕನನ್ನು ಮರಳಿ ಕರೆಯುತ್ತಾರೋ, ಇವಳನ್ನೂ ಸೇರಿಸಿ ಇನ್ನೊಂದು ಕಾಗದ ಬರೆಯುತ್ತಾರೋ, ಅವಳಿಗೆ ಗೊತ್ತಿರಲಿಲ್ಲ. ಫೋನು ತೆಗೆದು ಆಟ ತೆರೆಯಲು ಹೋಗಿ, ಬೇಡವೆಂದು 'ಮುಚ್ಚಿ' ಒತ್ತಿದಳು. ಬಿಡಾರದಲ್ಲಿ ಇವತ್ತು ಮೂರ್ಕೈ ಕೂಡ ತಲೆ ತಗ್ಗಿಸಿ ಕೂತಿರಲಿ, ಬಾಗಿಲಿನ ಪಕ್ಕದಲ್ಲಿ. ಉಡುಪು ಮೂರೂ ಚೀಲದಲ್ಲಿ ಇರಲಿ. ಯಾವುದನ್ನೂ ಎಸೆಯಬೇಕಿಲ್ಲ.

ಫೋನನ್ನು ಚೀಲಕ್ಕೆ ಇಳಿಸುವಷ್ಟರಲ್ಲಿ ಅದು ಕೂಗಿತು. ಅವಳು ಬೆಚ್ಚಿದಳು. ನಾಯಿ ಕಿವಿ ನಿಮಿರಿಸಿತು. ಬೇರೆಯವರ ಫೋನಿನಲ್ಲಿ ನೂರು ಸಲ ಕೇಳಿದ, ತನ್ನದರಲ್ಲಿ ಎಂದೂ ಕೇಳದ ಸದ್ದು. ದೂರದಿಂದ ಬರುವಂತೆ, ಯಾರೋ ಬೆಟ್ಟದ ಮೇಲೆ ನಿಂತು ಊದಿದಂತೆ. ಪರದೆಯ ಮೇಲೆ ಒಂದೇ ಸಾಲು. ಕಳಿಸಿದವರ ಹೆಸರು: ಬಾಗಿಲು. ಸುದ್ದಿ ಅಕ್ಕನವರೆಗೂ ಮುಟ್ಟಿತ್ತೋ ಏನೋ.

ಎಲ್ಲಿದ್ದೀಯ?

ಕೂಗಿದ ಕೂಡಲೇ ಓಡುವ ಕಾಲು ಅವಳದು, ಕರೆದ ಕೂಡಲೇ ಹೂಂ ಅನ್ನುವ ಬಾಯಿ. ಬೆರಳು ಅಕ್ಷರಗಳ ಮೇಲೆ ಹೋಗಿಯೂ ಹೋಯಿತು. ಆದರೆ ಒತ್ತಲಿಲ್ಲ. ಗೋಡೆಗೆ ಒರಗಿ, ಫೋನನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಅದು ಇನ್ನೊಮ್ಮೆ ಕೂಗಲೆಂದು ಕಾದಳು.